98 ಅಂಕ ಪಡೆದೂ ಪಾಸಾಗದ ರಕ್ತ ಪರೀಕ್ಷೆ

ಮಕ್ಕಳು ನೂರಕ್ಕೆ 98 ಅಂಕ ತಂದರೆ ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಕಾಯಿಲೆ ಪತ್ತೆಹಚ್ಚುವ ರಕ್ತ ಪರೀಕ್ಷೆಗೆ ಕೆಲವೊಮ್ಮೆ ಅಷ್ಟು ಅಂಕವೂ ಸಾಲದು. ಅಂಡಾಶಯದ ಕ್ಯಾನ್ಸರ್ ಇದಕ್ಕೆ ನಿದರ್ಶನ.

ಭಾರತದ ಮಹಿಳೆಯರಲ್ಲಿ ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ಬಿಟ್ಟರೆ ಹೆಚ್ಚಾಗಿ ಕಾಣುವುದು ಇದೇ. ಅಂಡಾಶಯವಿರುವುದು ಕಿಬ್ಬೊಟ್ಟೆಯ ಆಳದಲ್ಲಿ. ಗಡ್ಡೆ ಬೆಳೆದರೂ ಬೇಗ ಗೊತ್ತಾಗುವುದಿಲ್ಲ. ಹೊಟ್ಟೆ ಉಬ್ಬರಿಸಿದರೆ 'ಗ್ಯಾಸ್ಟ್ರಿಕ್' ಎಂದು ಸುಮ್ಮನಾಗುವವರೇ ಹೆಚ್ಚು. ಆಸ್ಪತ್ರೆಗೆ ಬರುವ ಹೊತ್ತಿಗೆ ಬಹುತೇಕರಲ್ಲಿ ರೋಗ ಹರಡಿರುತ್ತದೆ. ಮೊದಲೇ ಸುಳಿವು ಕೊಡುವ ಪ್ರೊಟೀನ್ ರಕ್ತದಲ್ಲಿ ಸಿಕ್ಕೀತೇ ಎಂಬ ಹುಡುಕಾಟ ನಡೆದಿರುವುದು ಇದಕ್ಕಾಗಿಯೇ.

ಸಿಎ-125ರ ಕಥೆ

1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರ ಸಂಶೋಧನೆಯಿಂದ ಸಿಎ-125 ಎಂಬ ಪ್ರೊಟೀನ್ ಬೆಳಕಿಗೆ ಬಂತು. ಮಿಲಿಲೀಟರ್ ರಕ್ತದಲ್ಲಿ 35 ಯೂನಿಟ್ ದಾಟಿದರೆ ಹೆಚ್ಚೆಂದು ಲೆಕ್ಕ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಇದು ವೈದ್ಯರಿಗೆ ಇಂದಿಗೂ ಉಪಯುಕ್ತ. ಆದರೆ ಆರಂಭದ ಹಂತದಲ್ಲಿರುವ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇದು ಏರುವುದೇ ಇಲ್ಲ. ಮುಟ್ಟು, ಬಸಿರು, ಗರ್ಭಕೋಶದ ಸಾಧಾರಣ ಗಡ್ಡೆ, ಹೊಟ್ಟೆಯ ಕ್ಷಯ ಇವುಗಳಲ್ಲೂ ಏರಬಹುದು.

ತೋವಿನಕೆರೆಯಲ್ಲಿ ಮಾಡಿದರೆ?

ಒಂದು ಲೆಕ್ಕ ಹಾಕಿ ನೋಡೋಣ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಮತ್ತು ಸುತ್ತಲಿನ ಊರುಗಳಿಂದ ಮುಟ್ಟು ನಿಂತ 10,000 ಆರೋಗ್ಯವಂತ ಮಹಿಳೆಯರು ಪರೀಕ್ಷೆಗೆ ಬಂದರೆಂದು ಇಟ್ಟುಕೊಳ್ಳಿ. 2,500 ಜನರಲ್ಲಿ ಒಬ್ಬರಿಗೆ ಎಂಬುದು ಸಂಶೋಧಕರು ಸಾಮಾನ್ಯವಾಗಿ ಬಳಸುವ ಅಂದಾಜು. ಅಂದರೆ ರೋಗವಿರುವವರು ನಾಲ್ವರು. ಪರೀಕ್ಷೆ ಅವರಲ್ಲಿ ಮೂವರನ್ನು ಹಿಡಿಯಿತು. ಉಳಿದ 9,996 ಮಂದಿಯಲ್ಲಿ ನೂರಕ್ಕೆ 98 ಜನರಿಗೆ 'ರೋಗವಿಲ್ಲ' ಎಂದು ಸರಿಯಾಗಿಯೇ ಹೇಳಿತು. ಆದರೂ ಸುಮಾರು 200 ಜನರಿಗೆ ವಿನಾಕಾರಣ 'ರೋಗವಿರಬಹುದು' ಎಂಬ ವರದಿ! ಇಲ್ಲದ ರೋಗವನ್ನು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಹಲವರು ಶಸ್ತ್ರಚಿಕಿತ್ಸೆಯನ್ನೇ ಎದುರಿಸಬೇಕಾದೀತು.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ 78,216 ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಸಿಎ-125 ಮತ್ತು ಸ್ಕ್ಯಾನಿಂಗ್ ಎರಡನ್ನೂ ಮಾಡಿದರೂ ಸಾವು ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಇಲ್ಲದ 1,080 ಮಹಿಳೆಯರು ತಪ್ಪು ವರದಿಯಿಂದಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನೊಳಗೊಂಡ ಬ್ರಿಟನ್ನಿನ ಅಧ್ಯಯನವೂ 2021ರಲ್ಲಿ ಅದನ್ನೇ ಹೇಳಿತು: ಸಾವು ತಗ್ಗಲಿಲ್ಲ.

ಹೊಸ ಪ್ರೊಟೀನ್‌ಗಳು

ಹಾಗಾದರೆ ಬೇರೆ ಪ್ರೊಟೀನ್‌ಗಳು? ಆಸ್ಪತ್ರೆ ಸೇರಿದ ರೋಗಿಗಳ ರಕ್ತದಲ್ಲಿ ಎಚ್‌ಇ4 ಮುಂತಾದವು ಒಳ್ಳೆಯ ಅಂಕ ಗಳಿಸಿವೆ. ಆದರೆ ನಿಜವಾದ ಪರೀಕ್ಷೆ ಬೇರೆ. ರೋಗ ಪತ್ತೆಯಾಗುವ ಮೊದಲೇ ಸಂಗ್ರಹಿಸಿಟ್ಟ ರಕ್ತದಲ್ಲಿ ಅವು ಸುಳಿವು ಕೊಡಬೇಕು. ಅಮೆರಿಕದ ಅಧ್ಯಯನದಲ್ಲಿ ಹಾಗೆ ಕಾದಿರಿಸಿದ್ದ ರಕ್ತದಲ್ಲಿ 35 ಗುರುತುಗಳನ್ನು ಅಳೆದಾಗ ಹಳೆಯ ಸಿಎ-125 ಅನ್ನು ಯಾವುದೂ ಮೀರಿಸಲಿಲ್ಲ.

ಆದ್ದರಿಂದ ತೊಂದರೆಯೇನೂ ಇಲ್ಲದವರು ಮುನ್ನೆಚ್ಚರಿಕೆಯೆಂದು ಈ ಪರೀಕ್ಷೆಗೆ ಹಣ ಸುರಿಯಬೇಕಾಗಿಲ್ಲ. ಆದರೆ ಹೊಟ್ಟೆ ಉಬ್ಬರ, ಕಿಬ್ಬೊಟ್ಟೆ ನೋವು, ಬೇಗ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಎರಡು-ಮೂರು ವಾರ ಬಿಡದೆ ಕಾಡಿದರೆ ಅಮ್ಮ, ಅಜ್ಜಿಯರನ್ನು ವೈದ್ಯರ ಬಳಿ ಕರೆದೊಯ್ಯಿರಿ. ತಾಯಿ ಅಥವಾ ಅಕ್ಕತಂಗಿಯರಿಗೆ ಅಂಡಾಶಯದ ಇಲ್ಲವೇ ಸ್ತನ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಮರೆಯದೆ ತಿಳಿಸಿ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿದೆ.