ಪಾಟೀಲ ಶಬ್ದವಿಚಾರ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ಸೀಮೆಗಳಲ್ಲಿ ಪಾಟೀಲ ಎಂಬ ಅಡ್ಡಹೆಸರು ಅತ್ಯಂತ ಪರಿಚಿತವಾದುದು. ಈ ಹೆಸರುಳ್ಳವರು ಎಷ್ಟು ಜನರೆಂದರೆ, ವ್ಯಕ್ತಿಯನ್ನು ಗುರುತಿಸುವುದಕ್ಕೆ ಅಡ್ಡಹೆಸರೊಂದೇ ಸಾಲದೆ ಅದರ ಮುಂದೆ ಊರ ಹೆಸರನ್ನೂ ಸೇರಿಸಬೇಕಾಗುತ್ತದೆ. ಇತ್ತೀಚಿನ ರಾಜಕೀಯ ಚರಿತ್ರೆಯಲ್ಲಿ ಬಸವರಾಜ ಪಾಟೀಲ ಹುಮನಾಬಾದ, ಬಸವರಾಜ ಪಾಟೀಲ ಅಟ್ಟೂರ, ಬಸವರಾಜ ಪಾಟೀಲ ಸೇಡಂ ಎಂಬ ಮೂವರು ಈ ಭಾಗದಲ್ಲಿ ಪ್ರಸಿದ್ಧರು. ಹೆಸರೂ ಒಂದೇ, ಅಡ್ಡಹೆಸರೂ ಒಂದೇ. ಊರಿನಿಂದ ಮಾತ್ರ ಅವರಿಗೆ ಪರಸ್ಪರ ಭೇದ.

ಹೀಗೆ ಬಹುಪ್ರಚಾರದಲ್ಲಿರುವ ಈ ಶಬ್ದದ ವಿಷಯದಲ್ಲಿ ಜನರಲ್ಲಿ ಎರಡು ಭಾವನೆಗಳು ಬೇರೂರಿವೆ. ಪಾಟೀಲ ಎಂಬುದು ಒಂದು ಜಾತಿಯ ಅಥವಾ ಕುಲದ ಹೆಸರೆಂಬುದು ಮೊದಲನೆಯದು. ಅದು ಅಚ್ಚ ಮರಾಠಿ ಮಾತು, ಕನ್ನಡನಾಡಿಗೆ ಹೊರಗಿನದು ಎಂಬುದು ಎರಡನೆಯದು. ಅಡ್ಡಹೆಸರನ್ನು ಕೇಳಿದೊಡನೆ ಮನುಷ್ಯನ ಜಾತಿಯನ್ನು ನಿಶ್ಚಯಿಸುವ ರೂಢಿ ಮೊದಲನೆಯ ಭಾವನೆಯಿಂದ ಬಲವಾಗಿದೆ. ಗಡಿಪ್ರದೇಶದ ಕನ್ನಡ ಮನೆತನಗಳು ಪರಕೀಯವೆಂಬ ಶಂಕೆಗೆ ಎರಡನೆಯದು ಎಡೆಗೊಟ್ಟಿದೆ. ಶಬ್ದದ ಚರಿತ್ರೆಯನ್ನು ಪರಾಮರ್ಶಿಸಿದರೆ ಇವೆರಡೂ ನಿಲ್ಲುವುದಿಲ್ಲ.

೧. ವ್ಯುತ್ಪತ್ತಿ

ಪಾಟೀಲ ಶಬ್ದದ ಮೂಲವು ಪಟ್ಟಕಿಲ ಎಂಬ ಸಂಸ್ಕೃತ ರೂಪ. ಇದು ಕಾವ್ಯಗಳ ಶಬ್ದವಲ್ಲ, ಶಾಸನಗಳ ಶಬ್ದ. ಮಾಳವದ ಪರಮಾರ ವಂಶದ ವಾಕ್ಪತಿ ಮುಂಜ, ಭೋಜ ಮೊದಲಾದ ಅರಸರ ೧೦ ಮತ್ತು ೧೧ನೆಯ ಶತಮಾನಗಳ ತಾಮ್ರಪಟಗಳಲ್ಲಿ, ಭೂದಾನವನ್ನು ಯಾರಿಗೆ ತಿಳಿಸಬೇಕೆಂಬುದನ್ನು ಹೇಳುವ ಸ್ಥಳದಲ್ಲಿ, ಆ ಗ್ರಾಮದ ನಿವಾಸಿಗಳೊಡನೆ ಪಟ್ಟಕಿಲನೂ ಉಕ್ತನಾಗಿದ್ದಾನೆ. ದಾನದ ಊರಿನಲ್ಲಿ ರಾಜಾಜ್ಞೆಯನ್ನು ಕೇಳಿ ನಡೆಯಿಸತಕ್ಕ ಮುಖ್ಯಸ್ಥನೇ ಇವನೆಂಬುದು ಸಂದರ್ಭದಿಂದಲೇ ಸ್ಪಷ್ಟ.

ಪಟ್ಟ ಶಬ್ದಕ್ಕೆ ಹಲಗೆ, ಲೋಹದ ತಗಡು, ಬಟ್ಟೆಯ ಪಟ್ಟಿ, ಅರಸನು ಹಣೆಗೆ ಕಟ್ಟುವ ಪಟ್ಟ ಮುಂತಾದ ಅರ್ಥಗಳುಂಟು. ಪಟ್ಟಕವೆಂದರೆ ರಾಜಾಜ್ಞೆಯನ್ನು ಬರೆದ ಫಲಕ ಅಥವಾ ಪತ್ರ. ಕನ್ನಡದಲ್ಲಿ ಇಂದಿಗೂ ಹೊಲದ ಹಕ್ಕುಪತ್ರವನ್ನು ಪಟ್ಟಾ ಎನ್ನುವುದರಲ್ಲಿ ಈ ಅರ್ಥವು ಉಳಿದುಕೊಂಡಿದೆ. ಜಟೆಯುಳ್ಳವನು ಜಟಿಲ, ನೊರೆಯುಳ್ಳದ್ದು ಫೇನಿಲ ಎಂಬಂತೆ ಪಟ್ಟಕವುಳ್ಳವನು ಪಟ್ಟಕಿಲ. ಪಾಣಿನೀಯದಲ್ಲಿ ಈ ಪ್ರತ್ಯಯವು ನಿಯತವಾದ ಕೆಲವು ಶಬ್ದಗಳಿಗೆ ಮಾತ್ರ ವಿಹಿತವಾದರೂ, ಅದರ ಸಾದೃಶ್ಯದಿಂದ ವ್ಯವಹಾರದಲ್ಲಿ ಹೊಸ ಶಬ್ದಗಳು ಹುಟ್ಟುವುದು ಅಸಹಜವಲ್ಲ. ರಾಜಶಾಸನದ ಮೂಲಕ ಭೂಮಿಯನ್ನು ಹೊಂದಿದವನೆಂದು ಕೋಶಕಾರರು ಈ ಶಬ್ದಕ್ಕೆ ಹೇಳುವ ಅರ್ಥವೂ ಇದಕ್ಕೆ ಅನುಕೂಲವಾಗಿಯೇ ಇದೆ.

ಪಟ್ಟಕಿಲವು ಪಾಟೀಲವಾದ ಬಗೆಯನ್ನು ಪ್ರಾಕೃತ ವ್ಯಾಕರಣದ ಪರಿಚಯವುಳ್ಳವರು ಸುಲಭವಾಗಿ ತಿಳಿಯಬಹುದು. ಸ್ವರಗಳ ನಡುವಣ ಕಕಾರವು ಪ್ರಾಕೃತದಲ್ಲಿ ಪ್ರಾಯಶಃ ಲೋಪವಾಗುತ್ತದೆ. ಆದುದರಿಂದ ಪಟ್ಟಕಿಲವು ಪಟ್ಟಇಲ ಎಂದಾಯಿತು. ಮುಂದೆ ಒತ್ತಕ್ಷರವು ಸಡಿಲಿ ಅದರ ಹಿಂದಿನ ಸ್ವರವು ದೀರ್ಘವಾಯಿತು. ಸಪ್ತ ಎಂಬುದು ಸತ್ತವಾಗಿ ಮರಾಠಿಯಲ್ಲಿ ಸಾತವಾದುದೂ, ಹಸ್ತವು ಹತ್ಥವಾಗಿ ಹಾತವಾದುದೂ ಇದೇ ನಿಯಮದಿಂದ. ಹೀಗೆ ಮರಾಠಿಯಲ್ಲಿ ಪಾಟೀಲ ಎಂಬ ರೂಪವು ನೆಲೆಗೊಂಡಿತು. ಗುಜರಾತಿ ಹಿಂದಿಗಳಲ್ಲಿ ಅಕಾರ ಇಕಾರಗಳು ಕೂಡಿ ಏಕಾರವಾಗಿ ಪಟೇಲ ಎಂಬ ರೂಪ ಸಿದ್ಧಿಸಿತು. ಆದಕಾರಣ ಪಾಟೀಲ, ಪಟೇಲ ಎಂಬುವು ಎರಡು ಹೆಸರುಗಳಲ್ಲ. ಒಂದೇ ಹೆಸರಿನ ಎರಡು ಉಚ್ಚಾರಣೆಗಳು.

೨. ಕಲ್ಯಾಣದ ಪೂರ್ವಸ್ಥಿತಿ

೧೧ನೆಯ ಶತಮಾನದ ಮಧ್ಯದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಆ ಕಾಲದ ಕನ್ನಡ ಶಾಸನಗಳಲ್ಲಿ ಊರ ಮುಖ್ಯಸ್ಥನಿಗೆ ಸಾಮಾನ್ಯವಾಗಿ ಕಾಣಬರುವ ಹೆಸರು ಗಾವುಂಡ. ನಾಡಿನ ಮುಖ್ಯಸ್ಥನು ನಾಳ್ಗಾವುಂಡ. ಲೆಕ್ಕ ಬರೆಯುವವನು ಸೇನಬೋವ. ಬಾದಾಮಿಯ ಚಾಲುಕ್ಯರ ಕಾಲದಲ್ಲಿಯೇ ಗಾಮುಂಡ ಎಂಬ ಪೂರ್ವರೂಪವು ದೊರೆಯುತ್ತದೆ.

ಗಾವುಂಡ ಶಬ್ದವಾದರೂ ಎಲ್ಲಿಂದ ಬಂದಿತು? ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ರಾಷ್ಟ್ರಪತಿ, ವಿಷಯಪತಿ ಮೊದಲಾದ ಅಧಿಕಾರಿಗಳ ಸಾಲಿನಲ್ಲಿ ಗ್ರಾಮಕೂಟನೆಂಬವನು ಬರುತ್ತಾನೆ. ಹೇಮಚಂದ್ರನ ದೇಶೀನಾಮಮಾಲೆಯಲ್ಲಿ ಗಾಮಉಡ ಎಂಬ ಶಬ್ದಕ್ಕೆ ಗ್ರಾಮಪ್ರಧಾನನೆಂದು ಅರ್ಥ. ಗ್ರಾಮಕೂಟ, ಗಾಮಉಡ, ಗಾವುಂಡ, ಗೌಡ ಎಂಬ ಪರಂಪರೆಯನ್ನು ವಿದ್ವಾಂಸರು ಇದರಿಂದ ಸ್ಥಾಪಿಸಿದ್ದಾರೆ. ಇಲ್ಲಿಯೂ ಕಕಾರದ ಲೋಪವೇ ಶಬ್ದದ ರೂಪವನ್ನು ಬದಲಾಯಿಸಿತೆಂಬುದು ಗಮನಾರ್ಹ.

ಹೀಗೆ ಗೌಡ ಮತ್ತು ಪಾಟೀಲ ಎಂಬ ಎರಡೂ ಶಬ್ದಗಳು ಸಂಸ್ಕೃತಪ್ರಾಕೃತಗಳ ದಾರಿಯಿಂದಲೇ ಬಂದವು. ಎರಡಕ್ಕೂ ವಾಚ್ಯನಾದವನು ಊರ ಹಿರಿಯನೇ. ಒಂದನ್ನು ಸ್ವಕೀಯವೆಂದೂ ಮತ್ತೊಂದನ್ನು ಪರಕೀಯವೆಂದೂ ಭೇದಮಾಡುವುದಕ್ಕೆ ಶಬ್ದಶಾಸ್ತ್ರದಲ್ಲಿ ಆಧಾರವಿಲ್ಲ. ಗೌಡವು ಕನ್ನಡದಲ್ಲಿ ಮೊದಲು ರೂಢವಾಯಿತು, ಪಾಟೀಲವು ಅನಂತರ ಬಂದಿತು; ಭೇದವಿರುವುದು ಇಷ್ಟೇ.

ಅಧಿಕಾರವಾದರೋ ಈ ಎರಡು ಹೆಸರುಗಳಿಗಿಂತಲೂ ಪ್ರಾಚೀನ. ವೇದದಲ್ಲಿ ಗ್ರಾಮಣಿಯೂ ಮನುಸ್ಮೃತಿಯಲ್ಲಿ ಗ್ರಾಮಿಕನೂ ಉಕ್ತರು. ಗ್ರಾಮವಾಸಿಗಳು ಪ್ರತಿದಿನವೂ ರಾಜನಿಗೆ ಕೊಡಬೇಕಾದ ಅನ್ನ, ಪಾನ, ಸೌದೆ ಮುಂತಾದವು ಗ್ರಾಮಿಕನಿಗೆ ಸಲ್ಲತಕ್ಕವೆಂದು ಮನುವಿನ ವಿಧಿ. ಮುಂದಿನ ಕಾಲದಲ್ಲಿ ಪಾಟೀಲನಿಗೆ ಊರವರಿಂದ ಸಲ್ಲುತ್ತಿದ್ದ ಹಕ್ಕುಬಾಬುಗಳಲ್ಲಿ ಇದರ ಛಾಯೆಯನ್ನು ಕಾಣಬಹುದು.

೩. ಹೆಸರು ಬದಲಾದ ಕ್ರಮ

೧೨ನೆಯ ಶತಮಾನದ ಕೊನೆಯಲ್ಲಿ ಕಲ್ಯಾಣಸೀಮೆಯು ದೇವಗಿರಿಯ ಸೇವುಣರ ವಶವಾಯಿತು. ೧೩೪೭ರಿಂದ ಬಹಮನಿಯರು, ಅವರ ಬಳಿಕ ಬರೀದಶಾಹಿ ಆದಿಲಶಾಹಿಗಳು ಇಲ್ಲಿ ಆಳಿದರು. ೧೬೫೭ರಲ್ಲಿ ಔರಂಗಜೇಬನು ಬೀದರ ಕಲ್ಯಾಣಗಳ ಕೋಟೆಗಳನ್ನು ಹಿಡಿದನು. ೧೭೨೪ರ ಅನಂತರ ಅಸಫಜಾಹಿ ನಿಜಾಮರ ಆಳ್ವಿಕೆ ನಡೆದು ೧೯೪೮ರಲ್ಲಿ ಮುಗಿಯಿತು. ಅರಸುಮನೆತನಗಳು ಹೀಗೆ ಒಂದಾದ ಮೇಲೊಂದು ಬದಲಾದರೂ ಊರಿನಿಂದ ಕಂದಾಯವನ್ನು ಎತ್ತಬೇಕಾದ ಅಗತ್ಯವು ಬದಲಾಗಲಿಲ್ಲ. ಅದಕ್ಕಾಗಿ ಪ್ರತಿಯೊಬ್ಬ ಅರಸನಿಗೂ ಊರೊಳಗಿನ ಒಬ್ಬ ಹಿರಿಯನು ಬೇಕಾಗಿದ್ದನು. ಆ ಹಿರಿಯನನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ಮಾತ್ರ ದಫ್ತರದ ಭಾಷೆಯು ನಿಶ್ಚಯಿಸಿತು.

ಪಾರಸೀ ಕಾಗದಪತ್ರಗಳಲ್ಲಿ ಅವನು ಮುಕದ್ದಮನಾದನು. ಬಿಜಾಪುರದ ಒಂದನೆಯ ಇಬ್ರಾಹಿಮ ಆದಿಲಶಾಹನು ೧೬ನೆಯ ಶತಮಾನದಲ್ಲಿ ರಾಜ್ಯದ ಲೆಕ್ಕಪತ್ರಗಳನ್ನು ಪಾರಸಿಯ ಬದಲು ದೇಶಭಾಷೆಯಲ್ಲಿ ಬರೆಯಿಸಲು ತೊಡಗಿದನೆಂದು ಇತಿಹಾಸಕಾರ ಫಿರಿಶ್ತಾ ಹೇಳುತ್ತಾನೆ. ಗ್ರಾಮದ ಲೆಕ್ಕವು ಮರಾಠಿ ಬಲ್ಲ ಕುಲಕರ್ಣಿಯ ಕೈಸೇರಿದ ಎಡೆಗಳಲ್ಲಿ ಅವನ ಜೊತೆಗಾರನಾದ ಗೌಡನು ಪಾಟೀಲನೆಂದು ಬರೆಯಲ್ಪಟ್ಟನು. ಸೇನಬೋವನ ಸ್ಥಾನದಲ್ಲಿ ಕುಲಕರ್ಣಿಯೂ, ನಾಳ್ಗಾವುಂಡನ ಸ್ಥಾನದಲ್ಲಿ ದೇಶಮುಖನೂ ಬಂದರು. ಊರು ಅದೇ, ಹೊಲ ಅದೇ. ಬದಲಾದುದು ಕಾಗದದ ಮೇಲಿನ ಪದ.

ಇದಕ್ಕೆ ಉತ್ತರ ಕರ್ಣಾಟಕದ ವ್ಯಕ್ತಿನಾಮಗಳೇ ಸಾಕ್ಷಿ. ಬಸನಗೌಡ ಪಾಟೀಲ, ಸಿದ್ದನಗೌಡ ಪಾಟೀಲ ಎಂಬಂತಹ ಹೆಸರುಗಳು ವಿಜಯಪುರ, ಬಾಗಲಕೋಟೆ, ಧಾರವಾಡ ಸೀಮೆಗಳಲ್ಲಿ ಹೇರಳ. ಇವುಗಳಲ್ಲಿ ಒಂದೇ ಅಧಿಕಾರವು ಎರಡು ಸಲ ಉಕ್ತವಾಗಿದೆ. ಮನೆಯೊಳಗಿನ ಹೆಸರಿನಲ್ಲಿ ಹಳೆಯ ಗೌಡನು ನಿಂತನು. ದಫ್ತರದ ಹೆಸರಿನಲ್ಲಿ ಹೊಸ ಪಾಟೀಲನು ಬಂದು ಸೇರಿದನು. ವ್ಯಾಕರಣದೃಷ್ಟಿಯಿಂದ ಇದು ಪುನರುಕ್ತಿಯೆನಿಸಿದರೂ ಇತಿಹಾಸದೃಷ್ಟಿಯಿಂದ ಎರಡು ಯುಗಗಳ ದಾಖಲೆ. ಅಂತಹ ಮನೆಗಳ ಗೃಹಿಣಿಯನ್ನು ಊರವರು ಗೌಡತಿಯೆಂದೇ ಕರೆಯುವುದೂ ಇದನ್ನೇ ಸಮರ್ಥಿಸುತ್ತದೆ.

ಕಲ್ಯಾಣ ಹುಮನಾಬಾದಗಳಲ್ಲಿ ಮೂರು ಭಾಷೆಗಳು ಒಟ್ಟಿಗೆ ಬಾಳಿದ ಕಾರಣ ಈ ಬದಲಾವಣೆಗೆ ಪ್ರತಿಬಂಧವುಂಟಾಗಲಿಲ್ಲ. ಹುಮನಾಬಾದದ ಬಳಿಯ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು (೧೮೧೭–೧೮೬೫) ಕನ್ನಡ, ಮರಾಠಿ, ಹಿಂದೂಸ್ತಾನಿಗಳೆಲ್ಲದರಲ್ಲಿಯೂ ಪದಗಳನ್ನು ರಚಿಸಿದರೆಂಬುದರಿಂದ ಈ ಸೀಮೆಯ ಭಾಷಾಸ್ಥಿತಿಯನ್ನು ಊಹಿಸಬಹುದು.

೪. ಅಧಿಕಾರದಿಂದ ಅಡ್ಡಹೆಸರು

ಪಾಟೀಲಕಿಯು ವತನವಾಗಿದ್ದಿತು, ಅಂದರೆ ವಂಶಪರಂಪರೆಯಾಗಿ ಅನುಭವಿಸತಕ್ಕ ಹಕ್ಕಾಗಿದ್ದಿತು. ಕಂದಾಯವನ್ನು ವಸೂಲುಮಾಡುವುದು, ಊರ ಕಾವಲನ್ನು ನೋಡಿಕೊಳ್ಳುವುದು, ವ್ಯಾಜ್ಯಗಳನ್ನು ಪರಿಹರಿಸುವುದು ಅವನ ಕರ್ತವ್ಯ. ಇನಾಮು ಭೂಮಿ, ಹಬ್ಬಹರಿದಿನಗಳಲ್ಲಿ ಮೊದಲ ಮಾನ ಅವನ ಫಲ. ವತನವನ್ನು ಪಾಲು ಮಾಡಿಕೊಳ್ಳುವುದೂ ಮಾರುವುದೂ ಉಂಟು. ಈ ಪದದ ಗೌರವವು ಎಷ್ಟಿತ್ತೆಂದರೆ, ೧೮ನೆಯ ಶತಮಾನದ ಮಹಾಸೇನಾನಿ ಮಹಾದಜಿ ಸಿಂಧಿಯನು ಉತ್ತರ ಹಿಂದೂಸ್ಥಾನವನ್ನೆಲ್ಲ ನಡುಗಿಸುತ್ತಿದ್ದಾಗಲೂ ತನ್ನನ್ನು ಪಾಟೀಲನೆಂದು ಕರೆಯಿಸಿಕೊಳ್ಳುವುದನ್ನು ಮೆಚ್ಚುತ್ತಿದ್ದನು. ಗೌರವದ ಮಗ್ಗುಲಲ್ಲಿಯೇ ದರ್ಪವೂ ಬೆಳೆಯಿತು. ಬಡವರಿಂದ ಕೂಲಿಯಿಲ್ಲದೆ ಬಿಟ್ಟಿ ಕೆಲಸವನ್ನು ಮಾಡಿಸಿದ ಪಾಟೀಲರ ನೆನಪು ಹಳ್ಳಿಗಳಲ್ಲಿ ಇನ್ನೂ ಮಾಸಿಲ್ಲ.

ನಿಜಾಮರ ರಾಜ್ಯದಲ್ಲಿ ಮೊದಲನೆಯ ಸಾಲಾರ್ ಜಂಗನು ೧೮೬೫ರ ಸುಮಾರಿಗೆ ಜಿಲ್ಲಾಬಂದಿಯನ್ನು ಆಚರಣೆಗೆ ತಂದನು. ಈ ರಾಜ್ಯದ ಹಳ್ಳಿಗಳಲ್ಲಿ ಕಂದಾಯಕ್ಕೆ ಮಾಲಿ ಪಟೇಲ, ಕಾವಲಿಗೆ ಪೊಲೀಸ್ ಪಟೇಲ, ಲೆಕ್ಕಕ್ಕೆ ಪಟವಾರಿ ಎಂಬ ಮೂವರಿದ್ದರು. ಉರ್ದು ಲಿಪಿಯಲ್ಲಿ ಪದಮಧ್ಯದ ಈಕಾರ ಏಕಾರಗಳಿಗೆ ಒಂದೇ ಅಕ್ಷರವಿರುವುದರಿಂದ ದಫ್ತರದಲ್ಲಿ ಬರೆದುದನ್ನು ಪಟೀಲ ಎಂದೂ ಪಟೇಲ ಎಂದೂ ಓದಲು ಬರುತ್ತಿದ್ದಿತು. ಶಾಲೆಯ ಹಾಜರಿಪುಸ್ತಕ, ಸರ್ಕಾರಿ ಚಾಕರಿ, ನ್ಯಾಯಾಲಯದ ಕಾಗದ ಮುಂತಾದವುಗಳಲ್ಲಿ ಸ್ಥಿರವಾದ ಅಡ್ಡಹೆಸರು ಬೇಕಾದಾಗ ವತನದಾರನ ಮಕ್ಕಳೆಲ್ಲರೂ, ಅಧಿಕಾರವು ಹಿರಿಯವನೊಬ್ಬನಿಗೇ ಸಂದರೂ, ಪಾಟೀಲರೆಂದೇ ಬರೆಯಲ್ಪಟ್ಟರು. ಹೀಗೆ ಒಬ್ಬನ ಪದವಿಯು ಇಡೀ ಮನೆತನದ ಹೆಸರಾಯಿತು. ಜರ್ಮನರಲ್ಲಿ ಊರ ಅಧಿಕಾರಿಯ ಹೆಸರಿನಿಂದ ಶುಲ್ಟ್ಸೆ ಎಂಬ ಅಡ್ಡಹೆಸರೂ, ಆಂಗ್ಲರಲ್ಲಿ ರೀವ್ ಎಂಬುದೂ ಹೀಗೆಯೇ ಹುಟ್ಟಿದುವು.

೫. ಈಗಿನ ವ್ಯಾಪ್ತಿ

ಪಾಟೀಲ ಎಂಬ ರೂಪವು ಮಹಾರಾಷ್ಟ್ರದಲ್ಲೆಲ್ಲ ಹರಡಿದೆ. ಕರ್ಣಾಟಕದಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ, ಗದಗ, ಹಾವೇರಿ ಜಿಲ್ಲೆಗಳು ಅದರ ಕ್ಷೇತ್ರ. ತುಂಗಭದ್ರೆಯನ್ನು ದಾಟಿ ದಕ್ಷಿಣಕ್ಕೆ ಹೋದಂತೆ ಗೌಡ ಶಬ್ದವು ಪ್ರಬಲವಾಗುತ್ತದೆ. ಅಲ್ಲಿ ಸರ್ಕಾರದ ಪದವಿಗೆ ಪಟೇಲ ಎಂಬ ಹೆಸರಿದ್ದಿತು. ಹುಮನಾಬಾದಕ್ಕೆ ನೆರೆಯ ಚಿಂಚೋಳಿಯವರಾದ ವೀರೇಂದ್ರ ಪಾಟೀಲರೂ, ಚನ್ನಗಿರಿ ಸೀಮೆಯ ಜೆ. ಎಚ್. ಪಟೇಲರೂ ರಾಜ್ಯದ ಮುಖ್ಯಮಂತ್ರಿಗಳಾದರು. ಒಂದೇ ಶಬ್ದದ ಉತ್ತರದಕ್ಷಿಣ ರೂಪಗಳಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಗುಜರಾತಿನ ಪಟೇಲರು ಆಫ್ರಿಕಾ, ಇಂಗ್ಲೆಂಡ್, ಅಮೆರಿಕಗಳವರೆಗೂ ಈ ಶಬ್ದವನ್ನು ಕೊಂಡೊಯ್ದಿದ್ದಾರೆ.

ಜಾತಿಯ ವಿಷಯವನ್ನು ಪರೀಕ್ಷಿಸಿದರೆ, ಲಿಂಗಾಯತರಲ್ಲಿಯೂ ಮರಾಠರಲ್ಲಿಯೂ ಪಾಟೀಲರುಂಟು. ರಯತ ಶಿಕ್ಷಣ ಸಂಸ್ಥೆಯನ್ನು ೧೯೧೯ರಲ್ಲಿ ಸ್ಥಾಪಿಸಿದ ಕರ್ಮವೀರ ಭಾವೂರಾವ ಪಾಟೀಲರು ಜೈನರು. ಹುಮನಾಬಾದ ಕ್ಷೇತ್ರವನ್ನೇ ನೋಡಿದರೆ, ೨೦೦೮, ೨೦೧೩, ೨೦೧೮ರಲ್ಲಿ ರಾಜಶೇಖರ ಪಾಟೀಲರೂ ೨೦೨೩ರಲ್ಲಿ ಸಿದ್ದು ಪಾಟೀಲರೂ ಅಲ್ಲಿಂದ ವಿಧಾನಸಭೆಗೆ ಆರಿಸಿಬಂದರು. ಅವರಿಗಿಂತ ಮುಂಚೆ ಅದೇ ಕ್ಷೇತ್ರದ ಪ್ರತಿನಿಧಿಯಾಗಿದ್ದವರು ಮೆರಾಜುದ್ದೀನ ಪಟೇಲರು. ಮತವು ಬೇರೆ, ಪಕ್ಷವು ಬೇರೆ, ಉಚ್ಚಾರಣೆಯೂ ಬೇರೆ. ಶಬ್ದವು ಮಾತ್ರ ಪರಮಾರರ ತಾಮ್ರಪಟದ ಆ ಪಟ್ಟಕಿಲವೇ. ಯಾವ ಊರಿನಲ್ಲಿ ಯಾವ ಮನೆಯವರಿಗೆ ವತನವಿದ್ದಿತೋ ಆ ಊರಿನಲ್ಲಿ ಅವರೇ ಪಾಟೀಲರಾದರು. ಆದುದರಿಂದ ಹೆಸರಿನಿಂದ ಜಾತಿಯನ್ನು ಅನುಮಾನಿಸುವುದು ಹೇತ್ವಾಭಾಸವೇ ಸರಿ.

ಇನ್ನು ಅಧಿಕಾರದ ಗತಿ. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ೧೯೬೩ರ ಫೆಬ್ರುವರಿ ೧ರಿಂದ ಜಾರಿಗೆ ಬಂದು ರಾಜ್ಯದಲ್ಲಿ ವಂಶಪರಂಪರೆಯ ಗ್ರಾಮಾಧಿಕಾರಗಳು ಕೊನೆಗಂಡುವು. ಮಹಾರಾಷ್ಟ್ರದಲ್ಲಿ ಕಂದಾಯದ ಪಾಟೀಲಕಿಯನ್ನು ೧೯೬೨ರ ಕಾಯಿದೆಯಿಂದ ತೆಗೆದರು. ಆದರೆ ಪೊಲೀಸ್ ಪಾಟೀಲನ ಪದವಿಯನ್ನು ೧೯೬೭ರ ಕಾಯಿದೆಯ ಪ್ರಕಾರ, ವಂಶದ ಹಕ್ಕಾಗಿ ಅಲ್ಲದೆ ಸರ್ಕಾರದ ನೇಮಕವಾಗಿ, ಅಲ್ಲಿ ಉಳಿಸಿಕೊಂಡಿದ್ದಾರೆ. ಆದಕಾರಣ ಬಸವಕಲ್ಯಾಣದಿಂದ ಗಡಿದಾಟಿ ಉಮರಗಾ ಅಥವಾ ನಿಲಂಗಾ ತಾಲೂಕನ್ನು ಹೊಕ್ಕರೆ ಪಾಟೀಲ ಶಬ್ದವು ಅಡ್ಡಹೆಸರೂ ಹೌದು, ಉದ್ಯೋಗದ ಹೆಸರೂ ಹೌದು. ಗಡಿಯ ಈಚೆಗೆ ಅಡ್ಡಹೆಸರು ಮಾತ್ರ.

ಒಂದು ಮಾತು ಉಳಿಯಿತು. ಪಾಟೀಲನ ಕೆಳಗೆ ತಳವಾರ, ವಾಲೀಕಾರ ಮೊದಲಾದ ಸೇವಕರು ಊರ ಕೆಲಸ ಮಾಡುತ್ತಿದ್ದರು. ಅವರ ಕೆಲಸದ ಹೆಸರುಗಳೂ ಹೀಗೆಯೇ ಅಡ್ಡಹೆಸರುಗಳಾಗಿ ನಿಂತುವು. ಕಾಯಿದೆಯು ಮೇಲಿನವನ ವತನವನ್ನೂ ಕೆಳಗಿನವನ ಚಾಕರಿಯನ್ನೂ ಒಂದೇ ದಿನ ಮುಗಿಸಿತು. ಆದರೆ ಒಂದು ಹೆಸರಿಗೆ ಸಲ್ಲುವ ಮನ್ನಣೆಯೂ ಇನ್ನೊಂದಕ್ಕೆ ಆಗುವ ಅವಗಣನೆಯೂ ಕಾಯಿದೆಯಿಂದ ಮುಗಿಯಲಿಲ್ಲ. ಪಾಟೀಲನು ಪತ್ರವನ್ನು ಹಿಡಿದವನು, ತಳವಾರನು ಊರನ್ನು ಕಾದವನು. ಎರಡೂ ಮುಗಿದುಹೋದ ಕೆಲಸಗಳ ಹೆಸರುಗಳು. ಇಷ್ಟನ್ನು ತಿಳಿದು ಹೆಸರನ್ನು ಹೆಸರಾಗಿ ಮಾತ್ರ ಕಾಣುವುದೇ ಈ ಶಬ್ದವಿಚಾರದ ಫಲ.