ದಿವಾಡಿಯ ಗುಡ್ಡದ ಮೇಲೆ

ಹಳೆಯ ಗೋವೆಯ ಮಹಾ ಇಗರ್ಜಿಗಳನ್ನು ಒಂದಾದ ಮೇಲೊಂದು ನೋಡಿ ಕಣ್ಣೂ ಕಾಲೂ ದಣಿದ ಯಾತ್ರಿಕರು ಸಾಮಾನ್ಯವಾಗಿ ಅಲ್ಲಿಂದಲೇ ಹಿಂದಿರುಗಿಬಿಡುವರು. ವೈಸರಾಯರ ಕಮಾನನ್ನು ದಾಟಿ, ಮಾಂಡೋವಿಯ ದಡಕ್ಕಿಳಿದು, ಎದುರಿನ ದಿವಾಡಿ ದ್ವೀಪಕ್ಕೆ ಹೋಗುವ ಫೆರಿಯನ್ನೇರುವ ಮನಸ್ಸು ಬರುವುದು ಕೆಲವರಿಗೆ ಮಾತ್ರ. ನಾನು ಹೋದ ದಿನ ನನ್ನ ಪಕ್ಕದಲ್ಲಿ ಒಂದು ಮೀನಿನ ಬುಟ್ಟಿಯೂ ಅದರ ಒಡತಿಯೂ ಇದ್ದರು. ಬುಟ್ಟಿಯಿಂದ ತೊಟ್ಟಿಕ್ಕುವ ನೀರು ನನ್ನ ಚಪ್ಪಲಿಯನ್ನು ತೋಯಿಸಿ ಮುಗಿಸುವಷ್ಟರಲ್ಲಿ ಆಚೆಯ ದಡ ಬಂದಿತ್ತು.

ಉಪ್ಪುನೀರನ್ನು ಒಡ್ಡಿನಿಂದ ತಡೆದು ಬೆಳೆಯುವ ಖಾಜಣದ ಗದ್ದೆಗಳ ನಡುವೆ ಸಾಗುವ ದಾರಿ ಮುಂದೆ ಗುಡ್ಡವನ್ನೇರುವುದು. ಅದರ ನೆತ್ತಿಯ ಮೇಲೆ ಕರುಣಾಮಾತೆಯ, ಅಂದರೆ ಪಿಯೆದಾದೆ ಸಾಯ್ಬಿಣಿಯ, ಸುಣ್ಣ ಬಳಿದ ಇಗರ್ಜಿ ಬಿಸಿಲಿನಲ್ಲಿ ಬೆಳ್ಳಗೆ ನಿಂತಿದೆ. ಈಗಿನ ಕಟ್ಟಡ 18ನೆಯ ಶತಮಾನದ ಆರಂಭದ್ದು. ಅದನ್ನು ರೂಪಿಸಿದವನು ಯುರೋಪಿನವನಲ್ಲ, ಆಂತೋನಿಯೊ ಜುವಾಂವ್ ದೆ ಫ್ರಿಯಾಸ್ ಎಂಬ ಗೋವೆಯ ಪಾದ್ರಿಯೆಂದು ಹೇಳುವರು. ಈತ ಸಾಧಾರಣ ಆಸಾಮಿಯಲ್ಲ: ಮತಾಂತರಗೊಂಡ ಬ್ರಾಹ್ಮಣ ಕುಲದ ಹಿರಿಮೆಯನ್ನು ಎತ್ತಿಹಿಡಿಯಲು ಪೋರ್ಚುಗೀಸಿನಲ್ಲಿ ಗ್ರಂಥವನ್ನೇ ಬರೆದು 1702ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದವನು. ದೇವರು ಬದಲಾದರೂ ಗೋತ್ರದ ಅಭಿಮಾನ ಬದಲಾಗಲಿಲ್ಲವೆಂದು ನಗುವವರು ನಗಬಹುದು. ನನಗೇನೋ ಆ ಪಾದ್ರಿಯ ಮೇಲೆ ಸ್ವಲ್ಪ ಪ್ರೀತಿಯೇ ಹುಟ್ಟಿತು.

ಈ ಗುಡ್ಡದ ಮೇಲೆ ಹಿಂದೆ ಗಣಪತಿಯ ಗುಡಿಯಿತ್ತೆಂಬುದು ಐತಿಹ್ಯ. ದ್ವೀಪದ ಮತ್ತೊಂದು ತುದಿಯ ನಾರ್ವೆಯಲ್ಲಿ ಇದ್ದವನಂತೂ ಸಪ್ತಕೋಟೀಶ್ವರ, ಗೋವೆಯ ಕದಂಬರ ಕುಲದೇವತೆ. ತಾವು ಅವನಿಂದ ವರಪ್ರಸಾದ ಪಡೆದವರೆಂದು ಆ ಅರಸರು ಬಿರುದು ಹೊತ್ತು ಅದನ್ನು ಹೊನ್ನಿನ ನಾಣ್ಯಗಳಲ್ಲಿಯೂ ಕೊರೆಯಿಸಿದರು. ಬಹಮನಿಯರ ಕಾಲದಲ್ಲಿ ಹಾಳಾದ ಆ ದೇವಾಲಯದಲ್ಲಿ 14ನೆಯ ಶತಮಾನದ ಕೊನೆಗೆ ವಿಜಯನಗರದ ಮಾಧವಮಂತ್ರಿ ಲಿಂಗವನ್ನು ಮರಳಿ ಪ್ರತಿಷ್ಠಾಪಿಸಿದನು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಮತ್ತೆ ಕೆಡವಿದರು. ಆಗ ಹೊಳೆ ದಾಟಿ ಡಿಚೋಲಿ ಸೀಮೆಗೆ ಹೋದ ದೇವರು ಊರಿನ ಹೆಸರನ್ನೂ ಜೊತೆಗೆ ಕೊಂಡೊಯ್ದನು. ಆಚೆಯ ದಡದ ಊರೂ ನಾರ್ವೆಯೇ. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದನು.

ಇಗರ್ಜಿಯ ಒಳಗಿನ ಹೊಂಬಣ್ಣದ ಬಲಿಪೀಠ ಚೆನ್ನಾಗಿಯೇ ಇದೆ. ಆದರೆ ಗೋವೆಯಲ್ಲಿ ಅಂಥವು ಬೇಕಾದಷ್ಟು. ನನ್ನನ್ನು ತಡೆದು ನಿಲ್ಲಿಸಿದ್ದು ಪಕ್ಕದ ಸ್ಮಶಾನದ ಪುಟ್ಟ ಪ್ರಾರ್ಥನಾಮಂದಿರ. ತಲೆಯೆತ್ತಿ ನೋಡಿದರೆ ಅದರ ಛಾವಣಿಯ ಕೆತ್ತನೆ ಇಗರ್ಜಿಯ ಕಾಲದ್ದಲ್ಲ, ಕದಂಬರ ಕಾಲದ್ದು! ಪೆರ್ಮಾಡಿ ಅರಸನ ರಾಣಿ ಕಮಲಾದೇವಿ ಬೆಳಗಾವಿ ಸೀಮೆಯ ದೇಗಾಂವಿಯಲ್ಲಿ ಕಟ್ಟಿಸಿದ ಕಮಲನಾರಾಯಣನ ಗುಡಿಯನ್ನು ಕಂಡವರಿಗೆ ಆ ಉಳಿಯ ಗುರುತು ಕೂಡಲೇ ಸಿಗುವುದು. ಕಲ್ಲಿನ ಜಾಲಂಧ್ರದ ಮುಂದೆ ನಿಂತು, ಇಲ್ಲಿಯ ಗುಡಿಯನ್ನು ಕೆಡವಿದವರು ಇದೊಂದನ್ನು ಏಕೆ ಉಳಿಸಿದರೆಂದು ಯೋಚಿಸಿದೆನು. ಚೆಂದವೆಂದೋ, ಗಟ್ಟಿಯಾಗಿದೆಯೆಂದೋ, ಸತ್ತವರ ಮೇಲೆ ನೆರಳಿಗೆ ಯಾವ ಕಲ್ಲಾದರೇನೆಂದೋ.

ಹೊರಗೆ ಹೊಸ ಗೋರಿಯೊಂದರ ಮೇಲೆ ಚೆಂಡುಹೂವಿನ ಮಾಲೆ ಬಾಡುತ್ತಿತ್ತು. ಕೆಳಗೆ ಹೊಳೆಯಿಂದ ಫೆರಿಯ ಎಂಜಿನ್ನಿನ ಸದ್ದು ಕೇಳಿಸಿತು. ನಾನು ಮುಂದಿನದಕ್ಕೆ ಹೋದರಾಯಿತೆಂದು ಮತ್ತೊಮ್ಮೆ ಒಳಗೆ ಹೋದೆನು.