ತೋರ್ಪಾದ ನೆಲದಲ್ಲಿ ಬೇರೂರಿದ ಧರ್ಮಕೇಂದ್ರ

ರಾಂಚಿಯಿಂದ ಖೂಂಟಿಯನ್ನು ಹಾದು, ಸಾಲವೃಕ್ಷಗಳ ಕಾಡಿನ ನಡುವೆ ಸಾಗಿದರೆ ದೊರೆಯುವ ತೋರ್ಪಾಕ್ಕೆ, 1885ರಲ್ಲಿ, ಬೆಲ್ಜಿಯಂ ದೇಶದವರಾದ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವನ್ಸ್ ಅವರು ಬಂದು ನೆಲೆಸಿದಾಗ, ಛೋಟಾನಾಗಪುರದ ಮುಂಡಾ ಜನರು ತಮ್ಮ ಪೂರ್ವಿಕರು ಕಾಡು ಕಡಿದು ಹಸನುಗೊಳಿಸಿದ ಭೂಮಿಯಲ್ಲಿಯೇ ಪರಕೀಯರಾಗತೊಡಗಿದ್ದರು. ಕುಲದ ಹಿರಿಯರ ಅಸ್ಥಿಗಳ ಮೇಲೆ ಇರಿಸಿದ ಹಾಸುಗಲ್ಲೇ ಅವರ ಪಾಲಿಗೆ ಹಕ್ಕುಪತ್ರ. ನ್ಯಾಯಾಲಯ ಕೇಳುತ್ತಿದ್ದುದಾದರೋ ಕಾಗದವನ್ನು. ಈ ಅಂತರವನ್ನೇ ಬಳಸಿಕೊಂಡು ಜಮೀನ್ದಾರನೂ ಅವನ ಠೇಕೇದಾರನೂ ಗೇಣಿಯನ್ನೇರಿಸಿದರು, ಬಿಟ್ಟಿದುಡಿಮೆಯನ್ನು ಹೇರಿದರು.

ಲೂಥರನ್ ಪಾದ್ರಿಗಳು 1845ರಿಂದಲೇ ರಾಂಚಿಯಲ್ಲಿದ್ದರು. ಲೀವನ್ಸರ ವೈಶಿಷ್ಟ್ಯವೆಂದರೆ, ಅವರು ಆ ಸೀಮೆಯ ಭಾಷೆಯೊಡನೆ ಭೂಪದ್ಧತಿಯನ್ನೂ ಗೇಣಿಯ ಕಾನೂನನ್ನೂ ಶ್ರದ್ಧೆಯಿಂದ ಅಭ್ಯಸಿಸಿ, ವ್ಯಾಜ್ಯ ಹೊತ್ತು ಬಂದ ರೈತನಿಗೆ ಅವನ ನ್ಯಾಯಸಮ್ಮತವಾದ ಹಕ್ಕು ಯಾವುದೆಂಬುದನ್ನು ತಿಳಿಸಿಕೊಟ್ಟದ್ದು. ಕೆಲವೇ ವರ್ಷಗಳಲ್ಲಿ ಮುಂಡಾ ಮತ್ತು ಉರಾಂವ್ ಆದಿವಾಸಿಗಳ ಗ್ರಾಮಗಳು ಇಡಿಯಾಗಿ ಅವರ ಧರ್ಮಸಭೆಗೆ ಬಂದವು. ಈ ನೆರವು ಆಮಿಷವೆಂದು ಹಳಿದವರು ಉಂಟು. ಆದರೆ ನ್ಯಾಯವನ್ನು ಅರಸಿ ಬಂದವನ ಶ್ರದ್ಧೆ ಕೀಳೆಂದು ಹೇಳಲು ನನ್ನ ಮನಸ್ಸೊಪ್ಪದು. ಉಣ್ಣುವ ಅನ್ನದ ನೆಲ ಕೈತಪ್ಪುತ್ತಿರುವಾಗ ಅದರ ಮಾತನ್ನೇ ಎತ್ತದ ಉಪದೇಶ ಯಾರ ಎದೆಯನ್ನು ಮುಟ್ಟೀತು? ಬಂದವರೆಲ್ಲರೂ ಉಳಿಯಲಿಲ್ಲವೆಂಬುದೂ ನಿಜವೇ. ನೆಲದ ಪೂರ್ಣ ಒಡೆತನವನ್ನೇ ಬಯಸಿದ ಸರದಾರಿ ಚಳವಳಿಯ ಮುಂದಾಳುಗಳು, ಪಾದ್ರಿಗಳು ಅಷ್ಟು ದೂರ ಬಾರರೆಂದು ಕಂಡು ಅಗಲಿದರು. ಕ್ಷಯರೋಗಕ್ಕೆ ತುತ್ತಾದ ಲೀವನ್ಸರು ಸ್ವದೇಶಕ್ಕೆ ಮರಳಿ, 1893ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ ತೀರಿಕೊಂಡರು.

1899ರ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಮುಂಡಾ ಬಂಡಾಯದ ನಾಯಕ ಬಿರ್ಸಾ ಮುಂಡಾ ಅವರ ಅನುಯಾಯಿಗಳ ಬಾಣಗಳು ಸರ್ವದಾ ಊರಿನ ಮಿಷನ್ನಿಗೂ ಗುರಿಯಿಟ್ಟವು. ಅಲ್ಲಿದ್ದ ಜರ್ಮನ್ ಗುರು ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ನರು, ಆ ಬಾಣಗಳ ಹಿಂದಿದ್ದ ವೇದನೆಯನ್ನು ಬಲ್ಲವರಾದುದರಿಂದ, ಮುಂಡಾ ಭೂಪದ್ಧತಿಯನ್ನು ಸರ್ಕಾರಕ್ಕೆ ವಿಶದಪಡಿಸುವ ಕಾರ್ಯದಲ್ಲಿ ತೊಡಗಿದರು. 1908ರ ಛೋಟಾನಾಗಪುರ ಗೇಣಿ ಶಾಸನದಲ್ಲಿ ಅವರ ಪಾಂಡಿತ್ಯದ ಪಾಲು ದೊಡ್ಡದು. ಆದರೂ ಸರ್ಕಾರದ ಕಣ್ಣು ತೆರೆಸಿದ್ದು ಉಲ್ಗುಲಾನ್ ಎಂದು ಕರೆಯಲಾದ ಬಿರ್ಸಾ ಅವರ ಆ ಬಂಡಾಯವೇ ಎಂಬುದನ್ನು ಇಲ್ಲಿ ಮರೆಯಲಾಗದು. ಶಾಸನದ ಮರುವರ್ಷವೇ ಹಾಫ್‌ಮನ್ನರು ಕಥೋಲಿಕ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಕೋರ್ಟಿನಲ್ಲಿ ಉಳಿದ ಹೊಲ ಸಾಹುಕಾರನ ಬಡ್ಡಿಗೆ ಹೋಗಬಾರದಷ್ಟೆ! ಮುಂಡಾರಿ ಭಾಷೆಯ ಬೃಹತ್ ವಿಶ್ವಕೋಶಕ್ಕೂ ಅವರೇ ಆದ್ಯರು. ಮೊದಲನೆಯ ಮಹಾಯುದ್ಧ ಬಂದಾಗ, ಜರ್ಮನರೆಂಬ ಒಂದೇ ಕಾರಣಕ್ಕೆ, 1915ರಲ್ಲಿ ಅವರು ಭಾರತವನ್ನು ಬಿಡಬೇಕಾಯಿತು.

ಇವರಂಥ ವಿದೇಶೀಯರು ಹೊರಟುಹೋದರೂ ಧರ್ಮಕೇಂದ್ರಗಳು ಬಾಡಲಿಲ್ಲ. ಏಕೆಂದರೆ ಆ ವೇಳೆಗಾಗಲೇ ಅವು ನಾಡಿನ ಮಕ್ಕಳವಾಗತೊಡಗಿದ್ದವು. ಬರ್ನದೆತ್ ಕಿಸ್ಪೊಟ್ಟಾ ಎಂಬ ಉರಾಂವ್ ತರುಣಿ, ಮದುವೆಯ ಒತ್ತಾಯವನ್ನು ನಿರಾಕರಿಸಿ, ಮೂವರು ಗೆಳತಿಯರೊಡನೆ 1897ರಲ್ಲಿ ರಾಂಚಿಯಲ್ಲಿ ಸಂತ ಅನ್ನಮ್ಮನವರ ಪುತ್ರಿಯರ ಸಭೆಯನ್ನು ಆರಂಭಿಸಿದ್ದರು. 1951ರಲ್ಲಿ ನಿಕೊಲಸ್ ಕುಜೂರ್ ರಾಂಚಿಯ ಧರ್ಮಾಧ್ಯಕ್ಷರಾದರು. 2003ರಲ್ಲಿ ಟೆಲೆಸ್ಫೋರ್ ಟೊಪ್ಪೊ ಕಾರ್ಡಿನಲ್ ಪದವಿಗೇರಿದರು. ಇಬ್ಬರೂ ಉರಾಂವ್ ಜನಾಂಗದವರೇ.

1908ರ ಶಾಸನ ಅನೇಕ ತಿದ್ದುಪಡಿಗಳನ್ನು ಕಂಡರೂ ಝಾರ್ಖಂಡದಲ್ಲಿ ಇಂದಿಗೂ ಜಾರಿಯಲ್ಲಿದ್ದು, ಆದಿವಾಸಿಯ ಹೊಲ ಸುಲಭವಾಗಿ ಪರರ ಪಾಲಾಗದಂತೆ ತಡೆಯುತ್ತಿದೆ.